ಶಾಲೆಯಂಗಳದ ಬೀಗದ ಕೈ

ನ್ಯೂಯಾರ್ಕ್ ನಗರದಲ್ಲಿ ಇನ್ನು ಮುಂದೆ ಕಟ್ಟುವ ಪ್ರತಿ ಶಾಲೆಗೂ ಬಯಲಿನ ಆಟದ ಜಾಗ ಇರಲೇಬೇಕೆಂದು 1895ರಲ್ಲಿ ಕಾನೂನಾಯಿತು. ಆಗ ನಗರದ ಲೋವರ್ ಈಸ್ಟ್ ಸೈಡ್ ಬಡಾವಣೆಯ ವಠಾರಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಮಕ್ಕಳ ಪಾಲಿಗೆ ಉಳಿದಿದ್ದ ಬಯಲೆಂದರೆ ಕುದುರೆಗಾಡಿಗಳು ಓಡಾಡುವ ಬೀದಿ. ಆ ಬದುಕನ್ನು ಫೋಟೋಗಳ ಸಮೇತ 1890ರಲ್ಲೇ ಪುಸ್ತಕ ಮಾಡಿದ್ದ ಪತ್ರಕರ್ತ ಜೇಕಬ್ ರೀಸ್, ಮಗುವಿಗೆ ಪಾಠದಷ್ಟೇ ಆಟವೂ ಬೇಕೆಂದು ವರ್ಷಗಟ್ಟಲೆ ವಾದಿಸಿದವರು. ಕಾನೂನೇನೋ ಬಂತು, ಜಾಗ ಎಲ್ಲಿಂದ ಬರಬೇಕು? ಶಾಲಾ ಕಟ್ಟಡಗಳ ಹೊಣೆ ಹೊತ್ತಿದ್ದ ವಾಸ್ತುಶಿಲ್ಪಿ ಸಿ.ಬಿ.ಜೆ. ಸ್ನೈಡರ್ ಕೆಲವು ಶಾಲೆಗಳಲ್ಲಿ ಆಟದ ಮೈದಾನವನ್ನು ತಾರಸಿಗೇ ಏರಿಸಿದರು.

ನೆಲದ ಮೇಲಿನ ಉತ್ತರ ಸಿಗಲು 1938 ಬರಬೇಕಾಯಿತು. ಪಾರ್ಕ್ ಕಮಿಷನರ್ ರಾಬರ್ಟ್ ಮೋಸಸ್ ಮತ್ತು ನಗರದ ಶಿಕ್ಷಣ ಮಂಡಳಿ ಒಂದು ಒಪ್ಪಂದಕ್ಕೆ ಬಂದರು. ಸರ್ಕಾರಿ ಶಾಲೆಗಳ ಪಕ್ಕದ ಸಾರ್ವಜನಿಕ ಜಾಗದಲ್ಲಿ ಆಟದ ಮೈದಾನ ಮಾಡುವುದು, ಅದನ್ನು ಎರಡೂ ಕಡೆಯವರು ಸೇರಿ ನಡೆಸುವುದು. ಪಾಠದ ಹೊತ್ತಿನಲ್ಲಿ ಅದು ಶಾಲೆಯ ಮಕ್ಕಳಿಗೆ. ಗಂಟೆ ಹೊಡೆದ ಮೇಲೆ, ಶನಿವಾರ, ಭಾನುವಾರ, ಬೇಸಿಗೆ ರಜೆಯಲ್ಲಿ ಇಡೀ ಬಡಾವಣೆಗೆ. ಇದರಲ್ಲಿ ದೊಡ್ಡ ತತ್ವವೇನೂ ಇಲ್ಲ. ಎರಡು ಇಲಾಖೆಗಳು ಒಂದೇ ಜಾಗವನ್ನು ಹೊತ್ತು ಹಂಚಿಕೊಂಡು ಬಳಸಲು ಒಪ್ಪಿಕೊಂಡವು, ಅಷ್ಟೇ. ಆದರೆ ಆಡಳಿತ ಬಲ್ಲವರಿಗೆ ಗೊತ್ತು, ಹಣ ಹೊಂದಿಸುವುದಕ್ಕಿಂತ ಇದೇ ಕಷ್ಟದ ಕೆಲಸ.

ಮೋಸಸ್ ಕಾಲದಲ್ಲಿ ಆಟದ ಮೈದಾನಗಳ ಸಂಖ್ಯೆ ಹಲವು ಪಟ್ಟು ಏರಿತು, ನಿಜ. ಯಾರ ಮಕ್ಕಳಿಗೆ ಎಂಬ ಪ್ರಶ್ನೆಯನ್ನೂ ಕೇಳಲೇಬೇಕು. 1930ರ ದಶಕದಲ್ಲಿ ಅವರು ಕಟ್ಟಿದ 255 ಮೈದಾನಗಳಲ್ಲಿ ಕಪ್ಪು ಜನರ ನೆಲೆಯಾದ ಹಾರ್ಲೆಮ್‌ಗೆ ಸಿಕ್ಕಿದ್ದು ಒಂದೇ ಒಂದು ಎಂದು ಅವರ ಜೀವನಚರಿತ್ರೆ ಬರೆದ ರಾಬರ್ಟ್ ಕ್ಯಾರೊ ದಾಖಲಿಸುತ್ತಾರೆ. ಸಾರ್ವಜನಿಕ ನೆಲ ಎಂದ ಮಾತ್ರಕ್ಕೆ ಅದು ಎಲ್ಲರಿಗೂ ಸಮನಾಗಿ ದಕ್ಕುವುದಿಲ್ಲ.

ಒಪ್ಪಂದದ ಹೊರಗೆ ಉಳಿದ ಶಾಲೆಯಂಗಳಗಳೂ ನೂರಾರು ಇದ್ದವು. ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಬರೀ ಡಾಂಬರು, ಸುತ್ತ ತಂತಿ ಬೇಲಿ, ಶಾಲೆ ಬಿಟ್ಟೊಡನೆ ಬೀಗ. 2007ರಲ್ಲಿ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಅವರ ನಗರ ಯೋಜನೆ, ಪ್ರತಿಯೊಬ್ಬ ನಿವಾಸಿಗೂ ಹತ್ತು ನಿಮಿಷದ ನಡಿಗೆಯಲ್ಲಿ ಒಂದು ಪಾರ್ಕ್ ಇರಬೇಕೆಂಬ ಗುರಿ ಇಟ್ಟುಕೊಂಡು, ಇಂಥ ಸುಮಾರು 290 ಅಂಗಳಗಳನ್ನು ಜನರಿಗೆ ತೆರೆಯಲು ಹೊರಟಿತು. ಹೊಸದಾಗಿ ಒಂದಡಿ ಜಾಗವನ್ನೂ ಕೊಳ್ಳಬೇಕಾಗಿರಲಿಲ್ಲ.

ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್ ಎಂಬ ಸಂಸ್ಥೆ ಕೈಜೋಡಿಸಿದ ಶಾಲೆಗಳಲ್ಲಿ ನಕ್ಷೆಯ ಕೆಲಸಕ್ಕೆ ಮಕ್ಕಳನ್ನೇ ಕೂರಿಸಿದರು. ಟೇಪು ಹಿಡಿದು ಅಂಗಳ ಅಳೆಯುವುದು, ಬೇಕಾದ್ದನ್ನೆಲ್ಲ ಪಟ್ಟಿ ಮಾಡುವುದು, ಪಟ್ಟಿ ಜಾಗಕ್ಕೂ ಹಣಕ್ಕೂ ಮೀರಿದಾಗ ಯಾವುದನ್ನು ಕೈಬಿಡಬೇಕೆಂದು ತಾವೇ ತೀರ್ಮಾನಿಸುವುದು. ಓಡಲು ಒಂದು ಟ್ರ್ಯಾಕ್, ಕೂರಲು ಮರದ ನೆರಳು, ಸೊಪ್ಪು ತರಕಾರಿ ಬೆಳೆಯಲು ಒಂದು ಮಡಿ, ಗದ್ದಲ ಬೇಡವೆನ್ನುವ ಮಕ್ಕಳಿಗೊಂದು ಮೂಲೆ. ಮೇಜಿನ ಮುಂದೆ ಕುಳಿತ ಎಂಜಿನಿಯರ್‌ಗೆ ಆ ಕೊನೆಯದು ಹೊಳೆಯುತ್ತಿತ್ತೇ? ಅನುಮಾನ.

ಮಳೆನೀರಿನ ಲೆಕ್ಕವೂ ಇದರಲ್ಲಿ ಸೇರಿತು. ನ್ಯೂಯಾರ್ಕಿನ ಸುಮಾರು ಶೇ. 60 ಭಾಗದಲ್ಲಿ ಮಳೆನೀರು, ಕೊಳಚೆ ನೀರು ಎರಡೂ ಒಂದೇ ಕೊಳವೆಯಲ್ಲಿ ಹರಿಯುತ್ತವೆ. ಜೋರು ಮಳೆಗೆ ಕೊಳವೆ ತುಂಬಿದರೆ ಶುದ್ಧೀಕರಿಸದ ನೀರು ನೇರ ನದಿ, ಕೊಲ್ಲಿ ಸೇರುತ್ತದೆ. ಡಾಂಬರು ಕಿತ್ತು ಗಿಡ, ಜಲ್ಲಿ, ನೀರಿಂಗುವ ನೆಲ ಮಾಡಿದರೆ ಆ ಹೊರೆ ಅಷ್ಟು ಇಳಿಯುತ್ತದೆ. ಹಾಗಾಗಿ ನೀರು, ಒಳಚರಂಡಿ ನೋಡಿಕೊಳ್ಳುವ ಇಲಾಖೆಯೂ ಶಾಲೆಯಂಗಳಗಳಿಗೆ ಹಣ ಕೊಟ್ಟಿತು.

ಸಾರ್ವಜನಿಕ ಜಾಗ ಯಾರಿಗೆ ಎಂಬ ಚರ್ಚೆ ಬೆಂಗಳೂರಿಗೂ ಹೊಸದಲ್ಲ. ಸದಾಶಿವನಗರದಲ್ಲಿ ಪಾರ್ಕಿಗೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದನ್ನು ಅಲ್ಲಿಯ ನಿವಾಸಿಗಳೇ ಕೋರ್ಟಿನಲ್ಲಿ ಪ್ರಶ್ನಿಸಿದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಪಾರ್ಕು, ಆಟದ ಮೈದಾನಗಳನ್ನು ಕಾಪಾಡಲು ರಾಜ್ಯದಲ್ಲಿ 1985ರ ಕಾಯ್ದೆಯೂ ಇದೆ. ಇರುವ ಜಾಗವನ್ನು ಉಳಿಸಿಕೊಳ್ಳುವ ದಾರಿ ಇವು. ಹಂಚಿಕೊಂಡು ಬಳಸುವುದು ಬೇರೆಯೇ ಮಾತು. ಪಾಲಿಕೆಯ ಪಾರ್ಕುಗಳಿಗೆ ಎಷ್ಟೋ ವರ್ಷ ಮಧ್ಯಾಹ್ನದ ಹೊತ್ತು ಬೀಗ ಬೀಳುತ್ತಿತ್ತು, ಅಂದರೆ ಪಕ್ಕದ ಶಾಲೆಯ ಮಕ್ಕಳಿಗೆ ಅದು ಬೇಕಾದ ಹೊತ್ತಿನಲ್ಲೇ. ಸಂಜೆ ಪಾರ್ಕು ತೆರೆದಾಗ ಶಾಲೆಯ ಮೈದಾನಕ್ಕೆ ಬೀಗ. ನಡುವೆ ಇರುವುದು ಒಂದು ಕಾಂಪೌಂಡ್ ಗೋಡೆ ಮಾತ್ರ. ಆಚೆಗೊಂದು ಇಲಾಖೆ, ಈಚೆಗೊಂದು ಇಲಾಖೆ. ಆ ಗೋಡೆಯಲ್ಲೊಂದು ಗೇಟು ಇಡಿಸಿ, ಅದನ್ನು ತೆರೆದು ಮುಚ್ಚುವವರು ಯಾರು, ಕಸ ಗುಡಿಸುವವರು ಯಾರು, ಮಗು ಬಿದ್ದು ಪೆಟ್ಟಾದರೆ ಉತ್ತರ ಹೇಳುವವರು ಯಾರು ಎಂಬುದನ್ನು ಎರಡೂ ಇಲಾಖೆಗಳು ಬರೆದು ಸಹಿ ಹಾಕಬೇಕು. ಮೊದಲು ಒಂದೇ ಒಂದು ವಾರ್ಡಿನಲ್ಲಾದರೂ ಇದನ್ನು ಮಾಡಿ ನೋಡಬಹುದು.