ಉದ್ಧರಣ ಚಿಹ್ನೆಯಿಲ್ಲದ ಗದ್ಯ: ಸ್ಯಾಲಿ ರೂನಿಯ ಶೈಲಿಯನ್ನು ಕುರಿತು

ಐರ್ಲೆಂಡಿನ ಕಾದಂಬರಿಕಾರ್ತಿ ಸ್ಯಾಲಿ ರೂನಿಯ ಗದ್ಯವನ್ನು ಕೊಂಡಾಡುವವರು ಮೊದಲು ಎತ್ತಿಹಿಡಿಯುವುದು ಅಲ್ಲಿ ಇಲ್ಲದಿರುವುದನ್ನು: ಉದ್ಧರಣ ಚಿಹ್ನೆಗಳನ್ನು. ಪಾತ್ರದ ಮಾತೂ ನಿರೂಪಣೆಯೂ ಒಂದೇ ಹರಿವಿನಲ್ಲಿ ಬೆರೆಯುತ್ತವೆ. ಇದನ್ನು ಹೊಸತನವೆಂದು ಸಾರುವುದು ಅವಸರದ ತೀರ್ಮಾನ. ಅದೇ ನೆಲದ ಜೇಮ್ಸ್ ಜಾಯ್ಸ್ 1922ರ 'ಯುಲಿಸಿಸ್'ನಲ್ಲೇ ಆ ಚಿಹ್ನೆಗಳನ್ನು ಕೈಬಿಟ್ಟು ಅಡ್ಡಗೆರೆಯಿಂದ ಕೆಲಸ ಸಾಗಿಸಿದ್ದ. ಅಮೆರಿಕದ ಕಾರ್ಮಾಕ್ ಮೆಕಾರ್ಥಿ ಅಡ್ಡಗೆರೆಯನ್ನೂ ಬಿಟ್ಟ. ಹಳಗನ್ನಡ ಬಲ್ಲವರಿಗಂತೂ ಇದರಲ್ಲಿ ಬೆರಗಿಲ್ಲ. 'ವಡ್ಡಾರಾಧನೆ'ಯ ಗದ್ಯದಲ್ಲಿ ಮಾತು ಎಲ್ಲಿ ಮುಗಿಯಿತೆಂಬುದನ್ನು 'ಎಂದು', 'ಎಂದೊಡೆ'ಗಳೇ ತಿಳಿಸುತ್ತವೆ. ವ್ಯಾಕರಣವೇ ಕಾವಲಿರುವಲ್ಲಿ ಚಿಹ್ನೆಯ ಹಂಗೇಕೆ? ಇಂಗ್ಲಿಷಿಗೆ ಆ ಕಾವಲಿಲ್ಲ. ಅಲ್ಲಿ ಚಿಹ್ನೆ ತೆಗೆದರೆ ಒಂದು ಬಗೆಯ ಮಸುಕು ಹುಟ್ಟುತ್ತದೆ. ರೂನಿಯನ್ನು ಕನ್ನಡಿಸಿದರೆ ಆ ಮಸುಕು ಬಹುಪಾಲು ಕರಗೀತು. ಕರಗಿದ ಮೇಲೂ ಉಳಿಯುವುದೇನು ಎಂಬುದೇ ಕೇಳಬೇಕಾದ ಪ್ರಶ್ನೆ.

ಉಳಿಯುವುದುಂಟು. 'ನಾರ್ಮಲ್ ಪೀಪಲ್' (2018) ಕಾದಂಬರಿಯ ಕಾನೆಲ್‌ನ ತಾಯಿ, ಮೇರಿಯಾನ್‌ಳ ಮನೆಯನ್ನು ಶುಚಿಗೊಳಿಸುವ ಕೆಲಸದವಳು. ಮುಂದೆ ಇಬ್ಬರೂ ಡಬ್ಲಿನ್ನಿನಲ್ಲಿ ಓದುವಾಗ ಕಾನೆಲ್‌ಗೆ ದುಡಿಮೆ ತಪ್ಪಿ ಬಾಡಿಗೆಗೆ ಹಣವಿರುವುದಿಲ್ಲ. ಬೇಸಿಗೆ ಕಳೆಯುವವರೆಗೆ ನಿನ್ನಲ್ಲಿರಲೇ ಎಂದು ಅವಳನ್ನು ಕೇಳಿದ್ದರೆ ಮುಗಿಯುತ್ತಿತ್ತು. ಅವನು ಕೇಳಲಾರ, ಊರಿಗೆ ಮರಳುತ್ತೇನೆನ್ನುತ್ತಾನೆ, ಸಂಬಂಧ ಅಲ್ಲಿಗೇ ಮುರಿಯುತ್ತದೆ. ವರ್ಗಭೇದದ ಕುರಿತು ಒಂದು ಪ್ರವಚನವೂ ಇಲ್ಲದೆ, ಹಣವಿಲ್ಲದವನ ನಾಚಿಕೆ ನಾಲಗೆಯನ್ನು ಕಟ್ಟಿಹಾಕುವ ಬಗೆ ಇಲ್ಲಿ ಮೂಡಿದೆ. ಇಲ್ಲಿನ ಒಣ ವಾಕ್ಯಗಳು ಭಾಷೆಯ ಬಡತನವಲ್ಲ, ಆಡದೆ ಉಳಿದ ಮಾತಿಗೆ ಬಿಟ್ಟ ಜಾಗ. ರೂನಿಗೆ ಶೈಲಿಯೇ ಇಲ್ಲವೆಂದು ಮೂಗು ಮುರಿಯುವ ಪಂಡಿತರು ಈ ಪ್ರಸಂಗವನ್ನು ಓದಿಲ್ಲ, ಅಥವಾ ಓದುತ್ತ ಉಪಮೆಗಳನ್ನಷ್ಟೇ ಎಣಿಸಿದ್ದಾರೆ.

'ಬ್ಯೂಟಿಫುಲ್ ವರ್ಲ್ಡ್, ವೇರ್ ಆರ್ ಯು' (2021) ಬರುವ ಹೊತ್ತಿಗೆ ಪುಸ್ತಕದ ಹೆಸರು ಹೊತ್ತ ಟೋಪಿಗಳೂ ಪ್ರಚಾರಕ್ಕಿಳಿದಿದ್ದವು. ಟೋಪಿಗೆ ಲೇಖಕಿ ಹೊಣೆಯಲ್ಲ, ಗದ್ಯಕ್ಕೆ ಹೊಣೆ. ಅಲ್ಲಿ ನಿರೂಪಣೆ ಕ್ಯಾಮೆರಾದಂತೆ ದೂರ ನಿಂತು ಕೋಣೆ, ಫೋನು, ಕೈಚಲನೆಗಳನ್ನು ದಾಖಲಿಸುತ್ತದೆ. ಅಂತರಂಗವೆಲ್ಲ ಆಲಿಸ್ ಮತ್ತು ಐಲೀನ್ ಎಂಬ ಗೆಳತಿಯರ ಇಮೇಲುಗಳಿಗೆ ವರ್ಗವಾಗಿದೆ. ಕಂಚಿನ ಯುಗದ ನಾಗರಿಕತೆಗಳ ಪತನವನ್ನೂ ಚರ್ಚಿಸುವ ಆ ಪತ್ರಗಳ ಅಂಕಿತ ಅಳಿಸಿದರೆ ಬರೆದವರು ಯಾರೆಂದು ಹೇಳುವುದು ಕಷ್ಟ. ಎರಡು ಜೀವಗಳಿಗೆ ಒಂದೇ ದನಿ! ಇದು ಸಂಯಮವಲ್ಲ, ಕೊರತೆ. ಇದನ್ನೂ ಸಂಯಮವೆಂದೇ ಹೊಗಳುವುದು ವಿಮರ್ಶೆಯ ಸೋಮಾರಿತನ.

'ಇಂಟರ್‌ಮೆಝೊ' (2024) ಈ ಕೊರತೆಗೆ ಕೊಟ್ಟ ಉತ್ತರದಂತಿದೆ. ತಂದೆಯನ್ನು ಕಳೆದುಕೊಂಡ ಇಬ್ಬರು ಸಹೋದರರಿಗೆ ಎರಡು ಗದ್ಯ: ವಕೀಲ ಪೀಟರನಿಗೆ ತುಂಡು ವಾಕ್ಯ, ತಲೆಕೆಳಗಾದ ಪದಕ್ರಮ, ಚದುರಂಗದ ಆಟಗಾರ ಐವನ್‌ಗೆ ತಿಳಿಯಾದ ನಡೆ. ಪೀಟರನ ಪುಟಗಳಲ್ಲಿ ಜಾಯ್ಸನ ನೆರಳು ದಟ್ಟ. ಶ್ರಮ ಕಣ್ಣಿಗೆ ಹೊಡೆಯುತ್ತದೆ, ಕೆಲವೆಡೆ ಕೃತಕವೂ ಹೌದು. ಆದರೆ ಪೀಟರನ ಪುಟವನ್ನು ಐವನ್‌ನದೆಂದು ಯಾರೂ ತಪ್ಪು ತಿಳಿಯಲಾರರು.