ಶರಣು ಬಂದವರ ಜಾತಕ ಕೇಳೋರಿಗೆ

ವಾಚನಾಲಯದ ಹುಡುಗರು ಬಂದು, "ಮಾವ, ಈ ಸಲ ಹಾಡು ಬೇಡ, ಒಂದು ಬರಹ ಕೊಡು" ಅಂದರು. ನಾನು ಓದಿದ್ದು ಏಳನೇ ಕ್ಲಾಸು. ಕಡ್ಲೆಕಾಯಿ ಬೆಳೆಯೋದು, ಜಾತ್ರೇಲಿ ರಾತ್ರಿಯೆಲ್ಲ ಹಾಡೋದು ಬಿಟ್ಟರೆ ಬೇರೆ ವಿದ್ಯೆ ಇಲ್ಲ. ಆದರೂ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡು ಬಹಳ ದಿನ ಆಯ್ತು. ಅದನ್ನೇ ಬರೀತೀನಿ. ಯಾರಿಗಾದರೂ ಕೋಪ ಬಂದರೆ ಬರಲಿ, ಮನೆಗೆ ಬಂದು ಬೈಯ್ಯಿ, ಕಾಫಿ ಕುಡಿದು ಹೋಗಿ.

ಹೋದ ವರ್ಷ ಒಂದೂರಿನ ಜಾತ್ರೆಗೆ ಹಾಡೋಕೆ ಕರೆದಿದ್ರು. ಊರಿನ ಹೆಸರು ಬೇಡ. ಅನ್ನದಾನ ನಡೀತಿತ್ತು. ಪಾಯಸ, ಅನ್ನ, ಹುಳಿ, ಸಾವಿರಾರು ಜನಕ್ಕೆ. ಊರಾಚೆ ಪ್ಲಾಸ್ಟಿಕ್ ಆಯೋ ನಾಲ್ಕು ಸಂಸಾರ ಗುಡಾರ ಹಾಕ್ಕೊಂಡಿದ್ರು. ಕನ್ನಡ ಬಾರದು, ತೆಲುಗು ಬಾರದು. ಮಕ್ಕಳನ್ನ ಕರ್ಕೊಂಡು ಪಂಕ್ತಿಯ ಕೊನೇಲಿ ಬಂದು ನಿಂತರು. ಯಾವನೋ ಫೋನು ನೋಡ್ಕೊಂಡು, "ಇವ್ರು ರೋಹಿಂಗ್ಯಾಗಳು, ಗಡಿ ದಾಟಿ ಬಂದೋರು" ಅಂದ. ಅಷ್ಟೇ. ಕಮಿಟಿಯ ನಾಲ್ಕು ಜನ ಹೋಗಿ ತಟ್ಟೆ ಕಿತ್ತುಕೊಂಡು ಎಬ್ಬಿಸಿದರು. ಬೆಳಗಾಗೋದ್ರೊಳಗೆ ಗುಡಾರಾನೂ ಇರಲಿಲ್ಲ. ಅವರು ಬರ್ಮಾದವರೋ, ಬಂಗಾಳದವರೋ, ಬಿಹಾರದವರೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಯಾರೂ ಕೇಳಲಿಲ್ಲ. ಕೇಳೋಕೆ ಭಾಷೆ ಬರಬೇಕಲ್ಲ. ಓಡಿಸೋಕೆ ಭಾಷೆ ಬೇಕಾಗಿಲ್ಲ.

ಆಮೇಲೆ ಈ ಮಾತು ತೆಗೆದಾಗಲೆಲ್ಲ ಜನ ನನಗೆ ಮೂರು ಉತ್ತರ ಕೊಟ್ಟಿದ್ದಾರೆ. "ನಮಗೇ ಗತಿ ಇಲ್ಲ." "ಅವರು ಎಂಥವರೋ ಏನೋ." "ಮೊದಲು ನಮ್ಮ ಧರ್ಮದವರನ್ನ ನೋಡ್ಕೊಳ್ಳೋಣ." ಮೂರಕ್ಕೂ ನನ್ನ ಹತ್ರ ಮಾತಿದೆ.

ನಮಗೇ ಗತಿ ಇಲ್ಲ ಅನ್ನೋದು ಸುಳ್ಳಲ್ಲ. ಅನಂತಪುರದ ಸೀಮೆ, ಮಳೆ ಕಮ್ಮಿ, ಬೋರು ಕೊರೆಸಿ ಸಾಲ ಹೊತ್ತವರೇ ಎಲ್ಲ. ಮಡಕಶಿರಾ, ಹಿಂದೂಪುರ, ಕಲ್ಯಾಣದುರ್ಗದಿಂದ ಎಷ್ಟು ಜನ ಬೆಂಗಳೂರಲ್ಲಿ ಗಾರೆ ಕಲಸ್ತಾ ಶೀಟಿನ ಶೆಡ್ಡಲ್ಲಿ ಮಲಗ್ತಾರೆ ಅಂತ ನನಗೆ ಯಾರೂ ಹೇಳಬೇಕಾಗಿಲ್ಲ, ನನ್ನ ಮಗನೂ ಅಲ್ಲೇ ಇದ್ದ. ಆದರೆ ಗತಿ ಇಲ್ಲದ ಕಾಲದಲ್ಲಿ ನಮ್ಮ ಹಿರೀಕರು ಏನು ಮಾಡಿದ್ರು? ಧಾತು ಈಶ್ವರ ಬರ ಅಂತ ಅಜ್ಜಿಯರು ಹೇಳ್ತಿದ್ದದ್ದು ಮೇಷ್ಟ್ರುಗಳ ಲೆಕ್ಕದಲ್ಲಿ 1876ರಿಂದ 78. ಬಳ್ಳಾರಿ ಸೀಮೆ, ಮೈಸೂರು ಸೀಮೆ ಎರಡೂ ಸುಟ್ಟುಹೋದವು. ಆಗ ಅನಂತಪುರ ಬೇರೆ ಜಿಲ್ಲೆನೂ ಅಲ್ಲ, ಬಳ್ಳಾರಿಗೇ ಸೇರಿತ್ತು. ಮೈಸೂರು ರಾಜ್ಯ ಒಂದರಲ್ಲೇ ಸುಮಾರು ಹತ್ತು ಲಕ್ಷ ಜನ ಸತ್ತರು ಅಂತಾರೆ. ಉಳಿದವರು ಗಂಜಿ ಸಿಕ್ಕ ಕಡೆಗೆ ನಡೆದರು. ನಮ್ಮ ಊರುಗಳಲ್ಲಿ ಎಷ್ಟು ಮನೆಯವರು "ನಮ್ಮ ಮೂಲ ಆ ಕಡೆ" ಅಂತ ಕೈ ತೋರಿಸ್ತಾರೆ ನೋಡಿ. ಎಲ್ಲರೂ ಯಾವುದೋ ಕಾಲದಲ್ಲಿ ಯಾರದೋ ಜಗಲಿ ಮೇಲೆ ಮಲಗಿದವರೇ.

ನಾನು ಹಾಡೋ ಕಥೆಗಳನ್ನೇ ತಗೊಳ್ಳಿ. ಮ್ಯಾಸಬೇಡರ ಕಥೆ, ಕಾಡುಗೊಲ್ಲರ ಕಥೆ. ಬಡಗಲಿಂದ ಮಂದೆ ಹೊಡ್ಕೊಂಡು, ಮೇವಿಲ್ಲದೆ, ಬೆನ್ನಟ್ಟಿ ಬಂದವರಿಂದ ತಪ್ಪಿಸಿಕೊಂಡು, ಹೊಳೆ ದಾಟಿ ಬಂದವರ ಕಥೆ ಅದು. ಈಗ ಅವರೇ ದೇವರು, ಅವರಿಗೇ ಪೂಜೆ, ಅವರಿಗೇ ಮೀಸಲು. ವಲಸೆ ಬಂದವರನ್ನ ಗುಡಿಯೊಳಗೆ ಕೂರಿಸಿ, ವಲಸೆ ಬಂದವರನ್ನ ಗುಡಿ ಮುಂದಿನ ಪಂಕ್ತಿಯಿಂದ ಎಬ್ಬಿಸೋದು ಯಾವ ಸೀಮೆ ಭಕ್ತಿ? ಪೆನುಕೊಂಡೆ ಬಾಬಯ್ಯನ ದರ್ಗಾಕ್ಕೆ ನಾವೂ ಹೋಗ್ತೀವಿ, ಸಕ್ಕರೆ ಓದಿಸ್ತೀವಿ. ಬಾಬಯ್ಯ ಬಂದದ್ದು ಇರಾನಿನ ಕಡೆಯಿಂದ ಅಂತ ದರ್ಗಾದವರೇ ಹೇಳ್ತಾರೆ. ಅವರನ್ನ ಅವತ್ತು ಯಾರಾದರೂ ಕಾಗದ ಕೇಳಿ ವಾಪಸ್ಸು ಕಳಿಸಿದ್ರೆ ಇವತ್ತು ಉರುಸು ಎಲ್ಲಿ?

ಇನ್ನು ಎರಡನೇದು. ಅವರು ಎಂಥವರೋ ಏನೋ. ಇದು ಹಳೇ ಪ್ರಶ್ನೆ. ರಾಮಾಯಣದಲ್ಲೇ ಇದೆ. ವಿಭೀಷಣ ಶರಣು ಅಂತ ಬಂದಾಗ ಸುಗ್ರೀವ ಏನಂದ? ಶತ್ರುವಿನ ತಮ್ಮ, ನಂಬಬೇಡ, ಕೊಲ್ಲು ಅಂದ. ಅಂಗದ, ಪರೀಕ್ಷೆ ಮಾಡೋಣ ಅಂದ. ಹನುಮಂತ, ಮುಖ ನೋಡಿದ್ರೆ ಕಪಟ ಕಾಣಲ್ಲ ಅಂದ. ಎಲ್ಲರ ಮಾತೂ ಕೇಳಿಸ್ಕೊಂಡ ರಾಮ. ಆಮೇಲೆ ಬೇಡನಿಗೆ ತನ್ನ ಮಾಂಸಾನೇ ಕೊಟ್ಟ ಪಾರಿವಾಳದ ಕಥೆ ಹೇಳಿ, ಶರಣು ಬಂದವನನ್ನ ಬಿಡಲ್ಲ ಅಂದ. ಕಡೆಗೆ ರಾವಣನೇ ಬಂದರೂ ಅಭಯ ಕೊಡ್ತೀನಿ ಅಂದ. ನಮ್ಮೂರಲ್ಲಿ ರಾಮನ ಫೋಟೋ ಇಲ್ಲದ ಮನೆ ಕಮ್ಮಿ. ಆದರೆ ಪಂಕ್ತಿಯಿಂದ ಎಬ್ಬಿಸಿದವರು ಸುಗ್ರೀವನ ಮಾತನ್ನೇ ಪೂರ್ತಿ ರಾಮಾಯಣ ಅಂದ್ಕೊಂಡವರು. ವಿಚಾರಣೆ ಮಾಡಬೇಡಿ ಅಂತ ನಾನು ಹೇಳ್ತಿಲ್ಲ. ಮಾಡಿ. ಪೊಲೀಸರು ಇದ್ದಾರೆ, ಸರ್ಕಾರ ಇದೆ. ಕಳ್ಳ ಇದ್ದರೆ ಹಿಡೀಲಿ. ಆದರೆ ವಿಚಾರಣೆ ಅಂದ್ರೆ ಕೇಳೋದು. ಕೇಳದೇ ಇರೋದು ವಿಚಾರಣೆ ಅಲ್ಲ.

ಇಲ್ಲಿ ಒಂದು ಕಾನೂನಿನ ಮಾತು. ನಮ್ಮೂರ ಮೇಷ್ಟ್ರು ಬಿಡಿಸಿ ಹೇಳಿದ್ದು. ನಿರಾಶ್ರಿತರ ಬಗ್ಗೆ 1951ರಲ್ಲಿ ದೇಶದೇಶಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಭಾರತ ಅದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆ ಅಂತಲೇ ನಮ್ಮಲ್ಲಿ ಒಂದು ಕಾನೂನೂ ಇಲ್ಲ. 2015ರಲ್ಲಿ ಶಶಿ ತರೂರ್ ಲೋಕಸಭೆಯಲ್ಲಿ ಒಂದು ಖಾಸಗಿ ಮಸೂದೆ ತಂದರು, ಅದು ಕಾನೂನಾಗಲಿಲ್ಲ. ಆದರೆ ಸಂವಿಧಾನದ 21ನೇ ವಿಧಿ ಜೀವದ ಹಕ್ಕು ಯಾರಿಗೆ ಅಂತ ಹೇಳೋವಾಗ ಪ್ರಜೆ ಅನ್ನಲ್ಲ, ವ್ಯಕ್ತಿ ಅನ್ನುತ್ತೆ. ಅರುಣಾಚಲದಲ್ಲಿ ಚಕ್ಮಾ ಜನರನ್ನ ಊರು ಬಿಡಿಸೋಕೆ ಹೊರಟಾಗ 1996ರಲ್ಲಿ ಸುಪ್ರೀಂ ಕೋರ್ಟು ಇದೇ ಮಾತು ಹೇಳಿ, ಅವರ ಜೀವ ಕಾಪಾಡೋದು ಸರ್ಕಾರದ ಕೆಲಸ ಅಂದಿತು. ಅಂಬೇಡ್ಕರರು ಒಂದು ಪದದಲ್ಲಿ ಇಟ್ಟ ಬಾಗಿಲು ಅದು. ಜಯಂತಿಗೆ ಹಾರ ಹಾಕೋ ನಾವು ಆ ಪದ ಓದಿಲ್ಲ.

ಸಾಕಿದರೆ ಏನಾಗುತ್ತೆ ಅಂತ ನೋಡಬೇಕಾದ್ರೆ ದೂರ ಹೋಗಬೇಕಿಲ್ಲ. 1959ರಲ್ಲಿ ದಲಾಯಿ ಲಾಮಾ ಟಿಬೆಟ್ ಬಿಟ್ಟು ಬಂದರು, ಅವರ ಹಿಂದೆ ಸಾವಿರ ಸಾವಿರ ಜನ. ಮೈಸೂರು ರಾಜ್ಯ ಪಿರಿಯಾಪಟ್ಟಣದ ಹತ್ರ ಬೈಲುಕುಪ್ಪೆಯಲ್ಲಿ ಕಾಡು ಭೂಮಿ ಕೊಟ್ಟಿತು. ಹಿಮದಲ್ಲಿ ಹುಟ್ಟಿದವರು ನಮ್ಮ ಬಿಸಿಲಲ್ಲಿ ಕಾಡು ಕಡಿದರು. ರೋಗದಲ್ಲಿ ಎಷ್ಟೋ ಜನ ಹೋದರು, ಆನೆ ಕಾಟ ಬೇರೆ. ಆಮೇಲೆ ಜೋಳ ಬೆಳೆದರು. 1966ರಲ್ಲಿ ನಿಜಲಿಂಗಪ್ಪನವರು ಮುಖ್ಯಮಂತ್ರಿ ಆಗಿದ್ದಾಗ ಮುಂಡಗೋಡಿನಲ್ಲೂ ಜಾಗ ಆಯ್ತು. ಹುಣಸೂರು, ಕೊಳ್ಳೇಗಾಲದ ಕಡೆಯೂ ಆಯ್ತು. ನಿಜಲಿಂಗಪ್ಪ ಅಂದ್ರೆ ನಮ್ಮ ಪಕ್ಕದ ಚಿತ್ರದುರ್ಗದವರೇ. ಸಿಂಧನೂರಿನ ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳು ಇವತ್ತು ಭತ್ತ ಬೆಳೀತಾರೆ. ಸುಳ್ಯ ಪುತ್ತೂರಿನ ರಬ್ಬರ್ ತೋಟಗಳಲ್ಲಿ ಸಿಂಹಳದಿಂದ ವಾಪಸ್ಸು ಬಂದ ತಮಿಳರು ಹಾಲು ಇಳಿಸ್ತಾರೆ. ಕರ್ನಾಟಕ ಮುಳುಗಿ ಹೋಯ್ತಾ?

ಬೈಲುಕುಪ್ಪೆಯ ಸುತ್ತಲಿನ ಬಡವರು, "ಅವರಿಗೆ ಭೂಮಿ ಕೊಟ್ರಿ, ನಮಗೆ ಯಾಕಿಲ್ಲ" ಅಂತ ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಅದನ್ನ ಕೇಳಬೇಕಾದದ್ದು ಭೂಮಿ ಹಂಚದ ದೊಡ್ಡವರನ್ನ, ಓಡಿ ಬಂದ ಲಾಮಾಗಳನ್ನಲ್ಲ. ಟಿಬೆಟಿಯನ್ನರಿಗೆ ಆ ಭೂಮಿ ಸ್ವಂತಕ್ಕೂ ಕೊಟ್ಟಿಲ್ಲ.

ಈಗ ನಮ್ಮ ಸೀಮೆಯ ಲೆಕ್ಕ ತೆಗೀತೀನಿ, ಹೆಂಗಸರು ಗಮನ ಇಟ್ಟು ಓದಿ. ಆ ಟಿಬೆಟಿಯನ್ನರಿಗೆ ನೆಲೆ ಮಾಡಿಕೊಡೋಕೆ ಅಂತ 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ಆ ಕೆಲಸ ಮುಗಿದ ಮೇಲೆ ಹಳ್ಳಿಗಳಿಗೆ ಬಂತು, ನಮ್ಮ ಮಡಕಶಿರಾ ಕಡೆಗೂ ಬಂತು. ಹತ್ತು ಹದಿನೈದು ಜನ ಸೇರಿ ಉಳಿತಾಯ ಮಾಡಿ ತಮ್ಮಲ್ಲೇ ಸಾಲ ಕೊಟ್ಕೊಳ್ಳೋ ಸಂಘಗಳನ್ನ ಮೊದಮೊದಲು ಕಟ್ಟಿದವರಲ್ಲಿ ಅವರೂ ಒಬ್ಬರು. 1992ರಲ್ಲಿ ನಬಾರ್ಡು ಆ ಪದ್ಧತಿಯನ್ನ ಬ್ಯಾಂಕುಗಳಿಗೆ ಜೋಡಿಸಿತು. ಇವತ್ತು ನಿಮ್ಮ ಸಂಘದ ಪಾಸ್‌ಬುಕ್ಕು ಇದೆಯಲ್ಲ ಅಕ್ಕ, ಅದರ ಬೇರು ಹಿಡಿದು ಎಳೆದ್ರೆ ಒಂದು ಎಳೆ ನಿರಾಶ್ರಿತರ ಗುಡಾರಕ್ಕೆ ಹೋಗುತ್ತೆ.

ಕಲ್ಯಾಣದುರ್ಗದ ಆಸ್ಪತ್ರೆಗೆ ಬನ್ನಿ. ಆರ್‌ಡಿಟಿ ಆಸ್ಪತ್ರೆ ಅಂದ್ರೆ ಎಲ್ಲರಿಗೂ ಗೊತ್ತು. ನಮ್ಮ ಎಷ್ಟು ಮೊಮ್ಮಕ್ಕಳು ಅಲ್ಲಿ ಹುಟ್ಟಿದ್ದಾವೆ! ಅದನ್ನ ಕಟ್ಟಿದ ವಿನ್ಸೆಂಟ್ ಫೆರರ್ ಯಾರು? 1920ರಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ಹುಟ್ಟಿದವರು. ಅಲ್ಲಿ ಒಳಯುದ್ಧ ಆದಾಗ ಹದಿನೆಂಟರ ಹುಡುಗ, ಹಿಡಿದು ಸೈನ್ಯಕ್ಕೆ ಹಾಕಿದ್ರು. 1939ರಲ್ಲಿ ಸೋತ ಕಡೆಯವರು ಲಕ್ಷ ಲಕ್ಷ ಜನ ಬೆಟ್ಟ ದಾಟಿ ಫ್ರಾನ್ಸಿಗೆ ಓಡಿದ್ರಲ್ಲ, ಆ ಗುಂಪಿನಲ್ಲಿ ಇವರೂ ಇದ್ದರು. ಫ್ರಾನ್ಸಿನವರು ಸಮುದ್ರದ ದಂಡೆಯ ಮರಳಲ್ಲಿ ಮುಳ್ಳುತಂತಿ ಸುತ್ತಿ ಇವರನ್ನ ಕೂಡಿಹಾಕಿದ್ರು. ಆಮೇಲೆ ಮಿಷನರಿಯಾಗಿ 1952ರಲ್ಲಿ ಇಂಡಿಯಾಕ್ಕೆ ಬಂದರು. ಮಹಾರಾಷ್ಟ್ರದ ಮನ್ಮಾಡಿನಲ್ಲಿ ರೈತರಿಗೆ ಬಾವಿ ತೋಡಿಸಿದ್ರು. ದೊಡ್ಡವರಿಗೆ ಸೇರಲಿಲ್ಲ. 1968ರಲ್ಲಿ ದೇಶ ಬಿಟ್ಟು ಹೋಗು ಅಂತ ಆಜ್ಞೆ ಆಯ್ತು. ಆಗ ಏನಾಯ್ತು ಗೊತ್ತಾ? ಸಾವಿರಾರು ರೈತರು ಮನ್ಮಾಡಿನಿಂದ ಬೊಂಬಾಯಿ ದಾರಿ ಹಿಡಿದು ನಡೆದರು. ಧೋತ್ರ ಉಟ್ಟ ಹಿಂದೂ ರೈತರು, ಬಿಳೀ ಚರ್ಮದ ಕ್ರೈಸ್ತ ಪಾದ್ರಿಗೋಸ್ಕರ. ಕಡೆಗೆ ಇಂದಿರಾ ಗಾಂಧಿಯವರ ಸರ್ಕಾರ ಮತ್ತೆ ಬರೋಕೆ ಒಪ್ಪಿತು. ಮಹಾರಾಷ್ಟ್ರಕ್ಕಲ್ಲ, ನಮ್ಮ ಅನಂತಪುರಕ್ಕೆ, 1969ರಲ್ಲಿ ಬಂದರು. ಮರುವರ್ಷ ಪಾದ್ರಿ ಪಟ್ಟ ಬಿಟ್ಟು ಮದುವೆ ಆದರು. 2009ರಲ್ಲಿ ಇಲ್ಲೇ ತೀರಿಕೊಂಡರು, ಬತ್ತಲಪಲ್ಲಿಯಲ್ಲೇ ಮಣ್ಣಾದರು.

ಆ ಮನ್ಮಾಡಿನ ರೈತರು ನಮ್ಮಷ್ಟೇ ಓದಿದವರು. ನಮಗೇನು ಅಂತ ಮನೇಲಿ ಕೂತಿದ್ರೆ ನಮ್ಮ ಕಲ್ಯಾಣದುರ್ಗದಲ್ಲಿ ಆಸ್ಪತ್ರೆ ಇರ್ತಿತ್ತಾ? ಅವರು ನಡೆದ ದಾರಿಯ ಫಲ ನಾವು ಉಣ್ತಿದ್ದೀವಿ. ಉಂಡ ಕೈಯಲ್ಲೇ ಇನ್ನೊಬ್ಬರ ತಟ್ಟೆ ಕಿತ್ಕೋತೀವಿ.

ಮೂರನೇ ಮಾತು, ಮೊದಲು ನಮ್ಮ ಧರ್ಮದವರು. 2019ರಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಆಯ್ತು, 2024ರ ಮಾರ್ಚಿಯಲ್ಲಿ ನಿಯಮ ಬಂದವು. ಪಾಕಿಸ್ತಾನ, ಬಾಂಗ್ಲಾ, ಆಫ್ಘಾನಿಸ್ತಾನದಿಂದ 2014ರ ಕೊನೆಯೊಳಗೆ ಬಂದ ಹಿಂದೂ, ಸಿಖ್ಖ, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ದಾರಿ. ಒಳ್ಳೇದು, ಅವರೂ ನೊಂದವರೇ. ಆದರೆ ಪಟ್ಟಿಯಲ್ಲಿ ಯಾರಿಲ್ಲ ನೋಡಿ. ಬರ್ಮಾದ ರೋಹಿಂಗ್ಯಾ ಇಲ್ಲ. 2017ರಲ್ಲಿ ಏಳು ಲಕ್ಷ ಜನ ಒಂದೇ ಸಲ ಊರು ಬಿಟ್ಟವರು ಅವರು. ಅದೂ ಇರಲಿ, ಅವರು ಮುಸಲ್ಮಾನರು ಅಂತೀರಿ. ಶ್ರೀಲಂಕಾದ ತಮಿಳು ಹಿಂದೂಗಳೂ ಇಲ್ಲ! 1983ರಿಂದ ಬರ್ತಾ ಇದ್ದವರು, ತಮಿಳುನಾಡಿನ ಕ್ಯಾಂಪುಗಳಲ್ಲೇ ಮಕ್ಕಳು ಮೊಮ್ಮಕ್ಕಳಾದವರು. ಟಿಬೆಟಿನ ಬೌದ್ಧರೂ ಇಲ್ಲ. ಹಾಗಾದ್ರೆ ಇದು ಧರ್ಮ ಕಾಯೋ ಪಟ್ಟಿಯೂ ಅಲ್ಲ. ಆ ತಮಿಳು ಕ್ಯಾಂಪುಗಳ ಮಕ್ಕಳಿಗೆ ಪಾಠ ಹೇಳೋಕೆ ಹೋದವರು ಯಾರು? ಜೆಸ್ಯೂಟ್ ಪಾದ್ರಿಗಳು. ವಿಯೆಟ್ನಾಮಿನಿಂದ ದೋಣೀಲಿ ಓಡಿದವರನ್ನ ನೋಡಿ ಪೇದ್ರೊ ಅರೂಪೆ ಅನ್ನೋ ಗುರು 1980ರಲ್ಲಿ ನಿರಾಶ್ರಿತರಿಗೇ ಅಂತ ಒಂದು ಸೇವಾಸಂಸ್ಥೆ ಶುರುಮಾಡಿದ್ರು, ಅವರ ಕಡೆಯವರು. ನಮ್ಮ ಮಠಗಳವರು ಯಾಕೆ ಹೋಗಲಿಲ್ಲ ಅಂತ ಕೇಳಿದ್ರೆ ತಪ್ಪಾ?

"ಮತಾಂತರ ಮಾಡೋಕೆ ಹೋಗ್ತಾರೆ" ಅಂತೀರಿ. ಒಂದು ಕೈಲಿ ಅನ್ನ ಕೊಟ್ಟು ಇನ್ನೊಂದು ಕೈಲಿ ಹೆಸರು ಬದಲಿಸೋಕೆ ಕೇಳೋನು ಯಾವ ಧರ್ಮದವನಾದರೂ ವ್ಯಾಪಾರಿ, ಭಕ್ತ ಅಲ್ಲ. ಅದನ್ನ ಒಪ್ತೀನಿ. ಆದರೆ ನಮ್ಮವನಾದ್ರೆ ಮಾತ್ರ ಅನ್ನ ಅನ್ನೋನೂ ಅದೇ ಅಂಗಡಿಯವನು, ತಕ್ಕಡಿ ಮಾತ್ರ ಬೇರೆ. ಬೇಕಾದ್ರೆ ಸಿದ್ಧಗಂಗೆ ನೋಡಿ. ಶಿವಕುಮಾರ ಸ್ವಾಮಿಗಳು ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ ಅಕ್ಷರ ಹಾಕಿದ್ರು, ನಮ್ಮ ಗಡಿಯ ಹುಡುಗರೂ ಅಲ್ಲಿ ಉಂಡು ಬಂದವರಿದ್ದಾರೆ. ನೀವು ಆಂಧ್ರದವರು ಅಂತ ಅಲ್ಲಿ ಯಾರೂ ಎಬ್ಬಿಸಲಿಲ್ಲ. ದಾಸೋಹ ಅನ್ನೋ ಪದಕ್ಕೆ ಗಡಿ ಇಲ್ಲ ಅಂತ ನಮಗೆ ನಮ್ಮ ಹೊಟ್ಟೆಯಿಂದಲೇ ಗೊತ್ತು. ಗಡಿ ಅನ್ನೋದು ಏನು ಅಂತಲೂ ಗೊತ್ತು. ನಾವು ಮನೇಲಿ ಕನ್ನಡ, ಆಫೀಸಲ್ಲಿ ತೆಲುಗು. ನಾವು ಕೂತ ಕಡೆಯೇ ಕೂತಿದ್ವಿ, ಮದ್ರಾಸಿನಿಂದ 1953ರಲ್ಲಿ ಆಂಧ್ರಕ್ಕೆ ಬಂದ್ವಿ. ಗೆರೆ ಎಳೆದವನು ನಮ್ಮನ್ನ ಕೇಳಲಿಲ್ಲ.

ಅದಕ್ಕೇ ಮೇಷ್ಟ್ರು ಹತ್ರ ಕೂತು ಒಂದು ಅರ್ಜಿ ಬರೆಸಿದ್ದೀನಿ, ಕನ್ನಡದಲ್ಲೊಂದು, ತೆಲುಗಿನಲ್ಲೊಂದು. ನಮ್ಮ ಎಂಪಿಗೆ ಒಂದು ಪ್ರತಿ: ನಿರಾಶ್ರಿತರಿಗೆ ಧರ್ಮ ಕೇಳದ ಒಂದು ಕಾನೂನು ಆಗಬೇಕು ಅಂತ ನೀವು ಮಾತಾಡಿ ಅಂತ. ಸುತ್ತಲಿನ ಗುಡಿ ಕಮಿಟಿ, ಮಸೀದಿ ಕಮಿಟಿ, ಚರ್ಚಿನವರಿಗೆ ಒಂದೊಂದು ಪ್ರತಿ: ಅನ್ನದಾನದ ಬೋರ್ಡಿನ ಕೆಳಗೆ "ಯಾರನ್ನೂ ಎಬ್ಬಿಸುವುದಿಲ್ಲ" ಅಂತ ಒಂದು ಸಾಲು ಬರೆಸಿ ಅಂತ. ಬಣ್ಣದ ಖರ್ಚು ನಂದು.

ಹೆಣ್ಣುಮಕ್ಕಳ ಸಂಘದವರು ಸಹಿ ಮಾಡಿದ್ದಾರೆ. ಮಸೀದಿಯವರು ಮಾಡಿದ್ದಾರೆ. ಗುಡಿ ಕಮಿಟಿಯವರು ಅಮಾವಾಸ್ಯೆ ಕಳೀಲಿ ಅಂದವರೆ, ಮೂರು ಅಮಾವಾಸ್ಯೆ ಕಳೀತು. ಅರ್ಜಿ ವಾಚನಾಲಯದ ಮೇಜಿನ ಮೇಲೆ, ಪೇಪರ್ ಇಡೋ ಜಾಗದ ಪಕ್ಕದಲ್ಲಿದೆ. ಹೆಬ್ಬೆಟ್ಟು ಒತ್ತೋರಿಗೆ ಇಂಕ್ ಪ್ಯಾಡೂ ಇಟ್ಟಿದ್ದೀವಿ.