ಸರ್ವರ್ ಕೊಳ್ಳುವ ಮುನ್ನ ಘಟಪ್ರಭೆ ಕಡೆ ಒಮ್ಮೆ ನೋಡಿ

ಮೊನ್ನೆ ಗೋಕಾಕಕ್ಕೆ ಹೋದಾಗ ಮಾಮಾ ಒಂದು ಕೊಟೇಶನ್ ತಂದು ಕೈಗಿಟ್ಟರು. ಅವರು ಸಣ್ಣದೊಂದು ಪತ್ತಿನ ಸಹಕಾರಿ ಸಂಘದ ಕಾರ್ಯದರ್ಶಿ. ಹಳೇ ಕಂಪ್ಯೂಟರ್ ತೆಗೆದು ಹೊಸ ಸರ್ವರ್ ಹಾಕಬೇಕಂತೆ. ಎರಡು ಜಿಯಾನ್ ಪ್ರೊಸೆಸರ್, 128 ಜಿಬಿ ರ‍್ಯಾಮ್... ಬೆಲೆ ನೋಡಿ ನನಗೇ ಬೆವರು ಬಂತು.

"ಮಾಮಾ, ಸಂಘದಾಗ ದಿನಾ ಎಷ್ಟು ಎಂಟ್ರಿ ಆಗ್ತಾವ್ರಿ?"

"ಸಂತಿ ದಿನಾನೂ ಮುನ್ನೂರು ದಾಟೂದಿಲ್ಲಪಾ."

ಕೊಟೇಶನ್ ಹಿಂದೆಯೇ ಲೆಕ್ಕ ಹಾಕಿದೆ. ದಿನಕ್ಕೆ 300, ವರ್ಷಕ್ಕೆ 300 ದಿನ, ಹತ್ತು ವರ್ಷಕ್ಕೆ 9 ಲಕ್ಷ ಎಂಟ್ರಿ. ಒಂದೊಂದಕ್ಕೆ ಇಂಡೆಕ್ಸ್ ಎಲ್ಲಾ ಸೇರಿ 1 ಕೆಬಿ ಅಂತ ಧಾರಾಳವಾಗಿ ಹಿಡಿದರೂ ಒಟ್ಟು 1 ಜಿಬಿ ಒಳಗೇ! ಹತ್ತು ವರ್ಷದ ಸಂಘ ಒಂದು ಪೆನ್ ಡ್ರೈವಿನಲ್ಲಿ ಕೂರುತ್ತೆ. ಇದಕ್ಕೆ ಒಂದು ಸಾಧಾರಣ ಪ್ರೊಸೆಸರ್, 16 ಜಿಬಿ ರ‍್ಯಾಮ್ ಬೇಕಾದಷ್ಟಾಯಿತು. ಆ ರ‍್ಯಾಮ್ ತನ್ನ ತಪ್ಪು ತಾನೇ ತಿದ್ದಿಕೊಳ್ಳುವ ಇಸಿಸಿ ಆಗಿರಲಿ, ಅಷ್ಟೇ.

ಅದೇ ಕೊಟೇಶನ್‌ನಲ್ಲಿ ಡಿಸ್ಕ್ ಒಂದೇ ಒಂದು, ಅದೂ ಅಗ್ಗದ್ದು. ಯುಪಿಎಸ್ ಇಲ್ಲ. ಬ್ಯಾಕಪ್ ಮಾತೇ ಇಲ್ಲ. ಇದು ಗಾಡಿಗೆ ದೊಡ್ಡ ಇಂಜಿನ್ ಹಾಕಿಸಿ ಬ್ರೇಕ್ ಮರೆತ ಹಾಗೆ.

ನನ್ನ ಪ್ರಕಾರ ಸಣ್ಣ ಕಚೇರಿಯವರು ವೇಗಕ್ಕೆ ದುಡ್ಡು ಹಾಕಬಾರದು, ಲೆಕ್ಕ ಕಳೆಯದಂತೆ ನೋಡಿಕೊಳ್ಳುವುದಕ್ಕೆ ಹಾಕಬೇಕು.

ಮೊದಲನೆಯದು ಕರೆಂಟು. ಘಟಪ್ರಭೆಯ ನೀರಿನ ಬಲದಿಂದ 1887ರಲ್ಲೇ ಗಿರಣಿ ಓಡಿಸಿದ ಊರು ನಮ್ಮದು, ಆದರೂ ಕರೆಂಟು ಹೋಗೋದು ತಪ್ಪಿಲ್ಲ :-) ಡೇಟಾಬೇಸ್ ಒಂದು ಎಂಟ್ರಿ "ಆಯ್ತು" ಅನ್ನೋ ಮೊದಲು ಅದನ್ನ ಡಿಸ್ಕಿಗೆ ಬರೆಸಿಕೊಳ್ಳುತ್ತೆ. ಅಗ್ಗದ ಕೆಲವು ಎಸ್‌ಎಸ್‌ಡಿಗಳು ತಮ್ಮ ಕ್ಯಾಶ್‌ನಲ್ಲಿ ಇಟ್ಟುಕೊಂಡೇ "ಬರೆದೆ" ಅಂತ ಸುಳ್ಳು ಹೇಳುತ್ತವೆ. ಆ ಗಳಿಗೆಯಲ್ಲಿ ಕರೆಂಟು ಹೋದರೆ ಯಾರೋ ಕಟ್ಟಿದ ಕಂತು ಮಾಯ. ಅದಕ್ಕೇ ಒಳಗೆ ಕೆಪಾಸಿಟರ್ ಇರುವ, ಕರೆಂಟು ಹೋದರೂ ಬರೆದು ಮುಗಿಸುವ ಎಸ್‌ಎಸ್‌ಡಿ ಕೇಳಿ. ಬ್ಯಾಟರಿ ಇಳಿದಾಗ ಸರ್ವರನ್ನ ತಾನೇ ಸರಿಯಾಗಿ ಆಫ್ ಮಾಡಿಸುವ ಯುಪಿಎಸ್ ಇರಲಿ.

ಎರಡನೆಯದು ಜೋಡಿ ಡಿಸ್ಕ್. ಅದೇ ರೇಡ್ 1. ಒಂದು ಸತ್ತರೆ ಇನ್ನೊಂದು ನಡೆಸುತ್ತೆ. ಆದರೆ ಇದು ಬ್ಯಾಕಪ್ ಅಲ್ಲ ಸ್ವಾಮಿ! ಗುಮಾಸ್ತರು ತಪ್ಪಿ ಒಂದು ಖಾತೆ ಅಳಿಸಿದರೆ ಎರಡರಲ್ಲೂ ಅಳಿಯುತ್ತೆ.

ಮೂರನೆಯದು ನೀರು. 2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಮಾರ್ಕಂಡೇಯ ಎರಡೂ ಉಕ್ಕಿ ಊರೊಳಗೆ ಬಂದಿದ್ದು, ಲೋಳಸೂರ ಸೇತುವೆ ಮುಳುಗಿದ್ದು ಯಾರು ಮರೆತಾರು? ಆಗ ಪರಿಚಯದವರೊಬ್ಬರ ಕಚೇರಿಯಲ್ಲಿ ಕಂಪ್ಯೂಟರ್ ನೆಲದ ಮೇಲಿತ್ತು, ಬ್ಯಾಕಪ್ ಹಾರ್ಡ್ ಡಿಸ್ಕ್ ಪಕ್ಕದ ಕಪಾಟಿನ ಕೆಳಗಿನ ಖಾನೆಯಲ್ಲಿತ್ತು. ಎರಡೂ ಒಟ್ಟಿಗೇ ಹೋದವು. ಕೆಸರು ಮೆತ್ತಿದ ಪಾಸ್‌ಬುಕ್ ಹಿಡಿದು ಜನ ಬಾಗಿಲಲ್ಲಿ ನಿಂತಿದ್ದರು. ತಮ್ಮ ದುಡ್ಡು ಎಷ್ಟು ಅಂತ ತಾವೇ ಸಾಬೀತು ಮಾಡಬೇಕಾದ ಪಾಡು. ಆದ್ದರಿಂದ ಸರ್ವರ್ ಮಾಳಿಗೆ ಮೇಲಿರಲಿ. ದಿನಾ ರಾತ್ರಿ ಬೀಗ ಹಾಕಿದ, ಅಂದರೆ ಎನ್‌ಕ್ರಿಪ್ಟ್ ಮಾಡಿದ ಒಂದು ಪ್ರತಿ ಊರಾಚೆ ಹೋಗಲಿ, ಬೆಳಗಾವಿಗೋ, ಕ್ಲೌಡ್‌ಗೋ.

"ಹಂಗಾರ ಎಲ್ಲಾನೂ ಕ್ಲೌಡ್‌ನಾಗ ಇಟ್ರ ಆತಲ್ಲ?" ಅಂದರು ಮಾಮಾ. ಇಡಬಹುದು. ಆದರೆ ನೆಟ್ ಹೋದ ದಿನ ಕೌಂಟರ್ ಬಂದ್. ಪ್ರತಿ ಅಲ್ಲಿರಲಿ, ಕೆಲಸ ಇಲ್ಲಿ ನಡೆಯಲಿ ಅನ್ನೋದು ನನ್ನ ಮತ.

ಕೊನೇ ಮಾತು. ಮೂರು ತಿಂಗಳಿಗೊಮ್ಮೆ ಆ ಬ್ಯಾಕಪ್‌ನ ಬೇರೆ ಕಂಪ್ಯೂಟರಿಗೆ ಹಾಕಿ, ಒಟ್ಟು ಠೇವಣಿ ತಾಳೆ ಆಗುತ್ತಾ ನೋಡಿ. ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಮಾಮಾ ಕೊಟೇಶನ್ ಮಡಚಿ ಕಿಸೆಗಿಟ್ಟುಕೊಂಡರು. "ಅಂವಗ ಒಂದ್ ಪ್ರಶ್ನೆ ಕೇಳ್ತೀನಿ. ನೀರು ಬಂದ್ರ ಏನ್ ಮಾಡ್ತೀಯೋ ಅಂತ."

ನೀವೂ ಅದನ್ನೇ ಕೇಳಿ. ಉತ್ತರ ಕೇಳಿಯೇ ಚೆಕ್ ಬರೆಯಿರಿ.